ನಿಲ್ಲಿಸು ಎನ್ನುವ ಒಂದು ಗಂಟೆ



ಮೆಟ್ರೊ ಸುರಂಗ ನಿಲ್ದಾಣಗಳ ಸಿಬ್ಬಂದಿ ಹಾಗೂ ಪ್ರಯಾಣಿಕರ ಸುರಕ್ಷತೆ ಕುರಿತ ವಿಚಾರ ಸಂಕಿರಣ ಬೆಂಗಳೂರು ಬಿಟ್ಟು ಕೋಲಾರ ಚಿನ್ನದ ಗಣಿ ಪ್ರದೇಶದ ಚಾಂಪಿಯನ್ ರೀಫ್ಸ್‌ನಲ್ಲಿ ಯಾಕೆ ಎಂದು ಕೆಲವರು ಕೇಳಿದರು. ಜನರನ್ನು ನೆಲದಡಿಗೆ ಇಳಿಸಿ ಮತ್ತೆ ಮೇಲೆ ತರುವ ಕೆಲಸವನ್ನು ಕರ್ನಾಟಕದಲ್ಲಿ ಈ ಊರಿನಷ್ಟು ಬಲ್ಲವರಿಲ್ಲ. ಇಲ್ಲಿನ ಗಣಿಯ ಆಳ ಮೂರು ಕಿಲೊಮೀಟರಿಗೂ ಹೆಚ್ಚು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದು ಕಲಿಸಿದ ಪಾಠ ಮುಚ್ಚಿಹೋಗಬಾರದು.

ಗಣಿಗೆ ಇಳಿಯುವ ಶಾಫ್ಟಿನ ಬಾಯಲ್ಲಿ ಬ್ಯಾಂಕ್ಸ್‌ಮನ್ ನಿಂತಿರುತ್ತಿದ್ದ. ಆಳುಗಳನ್ನು ಎಣಿಸಿ ಕೇಜಿಗೆ, ಅಂದರೆ ಗಣಿಯ ಲಿಫ್ಟಿಗೆ, ಹತ್ತಿಸಿ, ಗೇಟು ಹಾಕಿ, ಅವನು ಗಂಟೆ ಕೊಟ್ಟ ಮೇಲೆಯೇ ಕೇಜು ಕದಲಬೇಕು. ಗಣಿ ಸಂಕೇತದಲ್ಲಿ ಮೂರು ಗಂಟೆ ಎಂದರೆ ಒಳಗಿರುವುದು ಅದಿರಲ್ಲ, ಜನ. ಚಲಿಸುತ್ತಿರುವ ಕೇಜಿಗೆ ಒಂದೇ ಗಂಟೆ ಎಂದರೆ ನಿಲ್ಲಿಸು. ಯಂತ್ರ ಎಷ್ಟೇ ದೊಡ್ಡದಿರಲಿ, ಆ ಒಂದು ಗಂಟೆಗೆ ಅದು ತಲೆಬಾಗುತ್ತಿತ್ತು.

ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲಿನಲ್ಲಿ ಇಲ್ಲಿಯ ಮಕ್ಕಳು ದಿನವೂ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹಲವರು ಕೃಷ್ಣರಾಜಪುರದಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೊ ಹಿಡಿಯುತ್ತಾರೆ. ಕಬ್ಬನ್ ಪಾರ್ಕಿನಿಂದ ಸಿಟಿ ರೈಲು ನಿಲ್ದಾಣದವರೆಗಿನ ಐದು ನಿಲ್ದಾಣಗಳು ನೆಲದಡಿಯಲ್ಲಿವೆ. ಅಪ್ಪ ಕೇಜಿನಲ್ಲಿ ಇಳಿದ, ಮಗಳು ಎಸ್ಕಲೇಟರಿನಲ್ಲಿ ಇಳಿಯುತ್ತಾಳೆ. ಅಲ್ಲಿ ಅವಳ ಬ್ಯಾಂಕ್ಸ್‌ಮನ್ ಯಾರು?

ಹಳದಿ ಗೆರೆಯ ಬಳಿ ಸೀಟಿ ಹಿಡಿದು ನಿಂತ ಗಾರ್ಡೇ ಅವಳ ಬ್ಯಾಂಕ್ಸ್‌ಮನ್. ಹಳಿಯ ಪಕ್ಕದಲ್ಲಿ 750 ವೋಲ್ಟ್ ವಿದ್ಯುತ್ ಹರಿಯುತ್ತಿರುತ್ತದೆ. 2024ರ ಹೊಸ ವರ್ಷದ ದಿನ ಇಂದಿರಾನಗರ ನಿಲ್ದಾಣದಲ್ಲಿ ಮಹಿಳೆಯೊಬ್ಬರು ಕೈಜಾರಿದ ಮೊಬೈಲಿಗಾಗಿ ಹಳಿಗೇ ಇಳಿದರು. ಸಿಬ್ಬಂದಿ ವಿದ್ಯುತ್ ಕಡಿದರು, ಆಕೆ ಮೇಲೆ ಬಂದರು. ಅಲ್ಲಿ ಯಾರೂ ಇರದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ.

ಜನ ಇದ್ದರಷ್ಟೇ ಸಾಲದು, ಅವರಿಗೆ ತರಬೇತಿಯೂ ಬೇಕು. 1987ರ ನವೆಂಬರ್ 18ರಂದು ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ಒಂದು ಬೆಂಕಿಕಡ್ಡಿ ಮರದ ಎಸ್ಕಲೇಟರಿನ ಕೆಳಗೆ ಬಿತ್ತು. ಬೆಂಕಿ ಚಿಕ್ಕದಿದ್ದಾಗಲೇ ಪ್ರಯಾಣಿಕರು ತಿಳಿಸಿದ್ದರು. ನೀರು ಸಿಂಪಡಿಸುವ ಉಪಕರಣ ಅಲ್ಲೇ ಇತ್ತು. ಅದನ್ನು ಬಳಸುವ ತರಬೇತಿ ಸಿಬ್ಬಂದಿಗೆ ಸಿಕ್ಕಿರಲಿಲ್ಲ. 31 ಜನ ಸತ್ತರು. ಸುರಂಗ ನಿಲ್ದಾಣ ತೆರೆದಿರುವಷ್ಟು ಹೊತ್ತೂ ಕನಿಷ್ಠ ಇಷ್ಟು ಸಿಬ್ಬಂದಿ ಇರಲೇಬೇಕೆಂಬ ನಿಯಮ ಅಲ್ಲಿ ಬಂದದ್ದು ಆಮೇಲೆ, 1989ರಲ್ಲಿ.

ಬೆಂಗಳೂರಿನ ಗುಲಾಬಿ ಮಾರ್ಗದ 12 ಸುರಂಗ ನಿಲ್ದಾಣಗಳಿಗೆ ಪ್ಲಾಟ್‌ಫಾರಂ ಸ್ಕ್ರೀನ್ ಡೋರ್ ಯೋಜಿಸಲಾಗಿದೆ. ಇದು ಒಳ್ಳೆಯದು, ಬೇಕಾದದ್ದು. ಆದರೆ ಬಾಗಿಲು ಹಳಿಗೆ ಬೀಳುವವರನ್ನು ತಡೆಯುತ್ತದೆಯೇ ಹೊರತು ಎದೆನೋವು ಬಂದು ಕುಸಿದವರ ತಲೆ ಹಿಡಿಯುವುದಿಲ್ಲ. ಹೊಗೆ ತುಂಬಿದಾಗ ಕಣ್ಣು ಕಾಣದವರ ಕೈಹಿಡಿದು ಮೆಟ್ಟಿಲು ತೋರಿಸುವುದಿಲ್ಲ. ಕ್ಯಾಮೆರಾ ನೋಡುತ್ತದೆ, ಓಡಿ ಬರುವುದಿಲ್ಲ.

ಹಾಗಾಗಿ ಈ ಎರಡು ದಿನ ಮೂರು ವಿಷಯಗಳು ಚರ್ಚೆಯಾಗಲಿ. ಒಂದು, ಪ್ರತಿ ಸುರಂಗ ನಿಲ್ದಾಣಕ್ಕೆ, ರಾತ್ರಿ ಪಾಳಿಯೂ ಸೇರಿ, ಎಷ್ಟು ಜನ ಇರಲೇಬೇಕು? ಅಷ್ಟು ಜನರಿಲ್ಲದಿದ್ದರೆ ನಿಲ್ದಾಣದ ಬಾಗಿಲು ಹಾಕಬೇಕಲ್ಲವೆ? ಎರಡು, ಗುತ್ತಿಗೆ ಗಾರ್ಡಿಗೂ ಕಾಯಂ ನೌಕರನಷ್ಟೇ ತರಬೇತಿ ಸಿಗುವುದು ಹೇಗೆ? ಮೂರು, ರೈಲು ನಿಲ್ಲಿಸುವ ತುರ್ತು ಗುಂಡಿ ಒತ್ತಿದವನನ್ನು ‘ರೈಲು ತಡ ಮಾಡಿದೆ’ ಎಂದು ಬೈಯುವಂತಿಲ್ಲ ಎಂಬುದು ನಿಯಮವಾಗುವುದು ಹೇಗೆ?

ಸಿಬ್ಬಂದಿಯ ಸಂಬಳವನ್ನು ಖರ್ಚಿನ ಪಟ್ಟಿಯಲ್ಲಿ ಮೊದಲು ಕಡಿಯುವ ಬಾಬತ್ತೆಂದು ನೋಡುವುದನ್ನು ಬಿಡೋಣ. ಗಣಿಯಲ್ಲಿ ದುಡಿದ ಹಿರಿಯರು ಈ ಸಭೆಯಲ್ಲಿದ್ದೀರಿ. ದಯವಿಟ್ಟು ಮಾತಾಡಿ, ನಾವು ಬರೆದುಕೊಳ್ಳುತ್ತೇವೆ. ಇಳಿದವರೆಲ್ಲ ಮೇಲೆ ಬರಬೇಕು. ನಮ್ಮ ಚರ್ಚೆಗೆ ಇದೊಂದೇ ಅಳತೆಗೋಲು.