ತೊಗಲುಗೊಂಬೆಯ ದೀಪವೂ ಹಳ್ಳದ ನೀರೂ



ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನು ಓದುತ್ತಿದ್ದಾಗ ನಾನು ತೊಗಲುಗೊಂಬೆಯಾಟವನ್ನು ಪಾಮರರ ವಿನೋದವೆಂದು ಕಡೆಗಣಿಸಿದ್ದೆನು. ಆ ತಪ್ಪನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳುವೆನು. ಮಳೆ ತಡೆದಾಗ ಊರವರೆಲ್ಲ ಕೂಡಿ ಗೊಂಬೆಯಾಡಿಸುವದು ಈ ನಾಡಿನ ರೂಢಿ. ಬಿಳಿಯ ಪರದೆಯ ಹಿಂದೆ ದೀಪ ಬೆಳಗುವದು. ರಾಮಾಯಣ ಭಾರತಗಳ ಕಥೆಯೊಡನೆ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಬಂದು, ಹಿರಿಯರ ಇದಿರಿನಲ್ಲಿ ಅನ್ಯರು ಆಡಲಾರದ ಮಾತನ್ನು ನಗಿಸುತ್ತಲೇ ಆಡಿಬಿಡುವರು. ಇದಕ್ಕಿಂತ ಮಿಗಿಲಾದ ಲೋಕಶಿಕ್ಷಣವುಂಟೆ? ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಈ ಗೊಂಬೆಗಳಿಂದಲೇ ಸ್ವಾತಂತ್ರ್ಯಸಂಗ್ರಾಮದ ಕಥೆಯನ್ನು ಆಡಿಸಿದರು. ನಮ್ಮ ಕೊಪ್ಪಳ ಸೀಮೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಗೌರವವು ಸಂದಿತು.

2019ರಲ್ಲಿ ಕೊಪ್ಪಳದ ಗವಿಮಠದ ಪೂಜ್ಯರು ಹಿರೇಹಳ್ಳದ ಹೂಳು ತೆಗೆಯಿಸಲು ತಾವೇ ಮುಂದಾದಾಗ ಭಕ್ತಜನರು ಕೈಗೂಡಿಸಿದರು. ಆದರೆ ಕೈ ತೆಗೆದ ಹೂಳು, ಮನ ಮೈಮರೆತರೆ ಮತ್ತೆ ತುಂಬುವದು. ಮನವನ್ನು ಎಚ್ಚರಿಸುವ ಕಾಯಕವು ಕಲೆಯದು.

ಆದುದರಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಸದ್ಭಕ್ತರಲ್ಲಿ ನನ್ನದೊಂದು ಬಿನ್ನಹ. ಜಾತ್ರೆಯ ಇರುಳು ಗೊಂಬೆಯವರನ್ನು ಆದರದಿಂದ ಕರೆಯಿಸಿರಿ. ಊರ ನೀರು, ಗೋಮಾಳ, ಪಂಚಾಯತಿಗಳ ಸಂಗತಿಯನ್ನು ಅವರೊಡನೆ ಕುಳಿತು ಮಾತಾಡಿರಿ. ಆಡಬೇಕಾದ ಮಾತನ್ನು ಮಾತ್ರ ಅವರಿಗೇ ಬಿಡಿರಿ. ಅನ್ನವನ್ನಿಕ್ಕಿ ನಾಲಗೆಯನ್ನು ಕಟ್ಟುವದು ದಾಸೋಹವಲ್ಲ. ಕ್ಯಾತನ ಮಾತು ಮಠದವರಾದ ನಮಗೇ ತಾಗಿದರೂ ನಗುತ್ತ ಕೇಳೋಣ, ಕೇಳಿ ತಿದ್ದಿಕೊಳ್ಳೋಣ.