ಸ್ಪ್ರೇಯರ್ ಬ್ಯಾಟರಿಯಿಂದ ಟಾರ್ಚು ಉರಿಸುವ ಬಗೆ

(ತಿಪಟೂರಿನಲ್ಲಿ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗು ಬೆಳೆಗಾರರಿಗೆ ಪಂಪ್‌ಸೆಟ್ಟಿನ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ತೋಟಕ್ಕೆ ಹೋಗದೆ ವಿಧಿಯಿಲ್ಲ. ಬಿದ್ದ ಗರಿಯ ಕೆಳಗೆ ಹಾವಿರಬಹುದು, ಪಕ್ಕದಲ್ಲೇ ಹಾಳುಬಾವಿ ಇರಬಹುದು. ಕೈಯಲ್ಲಿರುವ ಟಾರ್ಚು ನಡುದಾರಿಯಲ್ಲಿ ಕೈಕೊಡಬಾರದು.

ಮೊನ್ನೆ ರೈತರೊಬ್ಬರು ಸುಟ್ಟ ಬಲ್ಬು ತಂದು ತೋರಿಸಿದರು. "ಸೆಲ್ಲು ಮುಗಿದಿತ್ತು ಸಾರ್, ಸ್ಪ್ರೇಯರ್ ಬ್ಯಾಟರಿಗೆ ತಂತಿ ಕೊಟ್ಟೆ. ಒಂದು ಸಲ ಫಳಕ್ಕಂತ ಹತ್ತಿ ಆರಿಹೋಯ್ತು" ಎಂದರು. ನಾನು ಬೇಸಾಯಶಾಸ್ತ್ರ ಕಲಿಸುವವನು. ಆದರೆ ಇದರ ಲೆಕ್ಕ ಗೊಬ್ಬರದ ಲೆಕ್ಕಕ್ಕಿಂತ ಕಷ್ಟವೇನಲ್ಲ.

ಟಾರ್ಚಿನ ಎರಡು ಸೆಲ್ಲು ಸೇರಿ 3 ವೋಲ್ಟ್. ಹಳೆಯ ಮಾದರಿಯ ಬಲ್ಬು ಸಾಮಾನ್ಯವಾಗಿ 2.5 ವೋಲ್ಟ್, 0.3 ಆಂಪಿಯರಿನದು. ಸ್ಪ್ರೇಯರ್ ಬ್ಯಾಟರಿ ಹೆಚ್ಚಾಗಿ 12 ವೋಲ್ಟಿನದು. ಪಾತಿಯ ಕಾಲುವೆಗೆ ಕೆರೆಯ ತೂಬನ್ನೇ ತೆರೆದರೆ ಏನಾಗುತ್ತದೋ ಬಲ್ಬಿಗೂ ಅದೇ ಆಯಿತು. ಹೆಚ್ಚಾದ 9.5 ವೋಲ್ಟನ್ನು ತಡೆಯಲು ರೆಸಿಸ್ಟರ್ ಬೇಕು. 9.5ನ್ನು 0.3ರಿಂದ ಭಾಗಿಸಿದರೆ ಸುಮಾರು 32. ಆದ್ದರಿಂದ 33 ಓಮ್, 5 ವ್ಯಾಟಿನ ರೆಸಿಸ್ಟರ್ ಹಾಕಿದರೆ ಬಲ್ಬು ಉಳಿಯುತ್ತದೆ. ಆದರೆ ಬ್ಯಾಟರಿ ಕೊಡುವ 3.6 ವ್ಯಾಟಿನಲ್ಲಿ ಬಲ್ಬಿಗೆ ಮುಟ್ಟುವುದು 0.75 ವ್ಯಾಟ್ ಮಾತ್ರ. ಉಳಿದದ್ದೆಲ್ಲ ಬರೀ ಶಾಖ.

ಇದಕ್ಕಿಂತ ಬಿಳಿಯ ಎಲ್.ಇ.ಡಿ. ದೀಪಗಳು ಲೇಸು. 5 ಮಿಲಿಮೀಟರಿನ ಒಂದು ದೀಪಕ್ಕೆ ಸುಮಾರು 3 ವೋಲ್ಟ್ ಬೇಕು. ಮೂರನ್ನು ಒಂದರ ಹಿಂದೊಂದು ಜೋಡಿಸಿದರೆ 9 ವೋಲ್ಟ್. ಮಿಕ್ಕದ್ದನ್ನು ತಡೆಯಲು 220 ಓಮ್, ಕಾಲು ವ್ಯಾಟಿನ ರೆಸಿಸ್ಟರ್ ಸಾಕು. ಇಂಥ ನಾಲ್ಕು ಸಾಲುಗಳನ್ನು ಅಕ್ಕಪಕ್ಕ ಜೋಡಿಸಿ, ಸಾಲಿಗೊಂದು ರೆಸಿಸ್ಟರ್ ಹಾಕಿರಿ. ದೀಪದ ಉದ್ದನೆಯ ಕಾಲು ಧನ ತುದಿಯ ಕಡೆಗಿರಲಿ. ಹನ್ನೆರಡೂ ದೀಪಗಳು ಸೇರಿ ಎಳೆಯುವುದು ಸುಮಾರು 0.07 ಆಂಪಿಯರ್. 8 ಆಂಪಿಯರ್-ಗಂಟೆಯ ಒಳ್ಳೆಯ ಬ್ಯಾಟರಿಯ ಅರ್ಧ ಶಕ್ತಿ ಬಳಸಿದರೂ 50 ಗಂಟೆ ಉರಿಯುತ್ತವೆ. ಮರುದಿನದ ಸಿಂಪರಣೆಗೂ ಶಕ್ತಿ ಉಳಿದಿರುತ್ತದೆ.

ಕೆಲವು ಎಚ್ಚರಿಕೆಯ ಮಾತುಗಳು:

1. ಬ್ಯಾಟರಿಯ ಮೇಲೆ ಬರೆದ ವೋಲ್ಟನ್ನು ಮೊದಲು ಓದಿರಿ. ಈ ಲೆಕ್ಕ 12 ವೋಲ್ಟಿಗೆ ಮಾತ್ರ. ಮನೆಯ 230 ವೋಲ್ಟ್ ಕರೆಂಟಿಗೆ ಎಂದಿಗೂ ಜೋಡಿಸಬೇಡಿ.

2. ಧನ ತುದಿಯ ಹತ್ತಿರವೇ 1 ಆಂಪಿಯರ್ ಫ್ಯೂಸ್ ಇರಲಿ. ಎರಡು ತಂತಿ ತಾಗಿದರೆ ಬ್ಯಾಟರಿ ಕೆಂಡದಂತೆ ತಂತಿ ಕಾಯಿಸಬಲ್ಲದು. ಕೊಬ್ಬರಿ ಅಟ್ಟದ ಬಳಿ, ಒಣ ನಾರಿನ ಬಳಿ ಬಿಚ್ಚು ತಂತಿ ಕೂಡದು.

3. ಚಾರ್ಜ್ ಮಾಡುವಾಗ ವೋಲ್ಟೇಜ್ 14ನ್ನು ದಾಟುತ್ತದೆ. ಆಗ ದೀಪವನ್ನು ಬಿಡಿಸಿಡಿ.

ಜೋಡಿಸಿದ್ದನ್ನು ಮೊದಲು ಮನೆಯಲ್ಲಿ ಎರಡು ಗಂಟೆ ಉರಿಸಿ ನೋಡಿ. ರೆಸಿಸ್ಟರ್ ಕೈಸುಡುವಷ್ಟು ಕಾದರೆ ಜೋಡಣೆಯಲ್ಲಿ ತಪ್ಪಿದೆ ಎಂದೇ ತಿಳಿಯಿರಿ. ಕೆಲವು ದಿನ ಹಳೆಯ ಟಾರ್ಚೂ ಜೊತೆಯಲ್ಲಿರಲಿ. ಕೆಲವೇ ರೂಪಾಯಿಗಳ ದೀಪಕ್ಕಿಂತ ಅದನ್ನು ಹಿಡಿದು ಕತ್ತಲಲ್ಲಿ ನಡೆಯುವವರ ಜೀವ ದೊಡ್ಡದು.