ಪ್ರಯೋಗಾಲಯದಿಂದ ನಮ್ಮ ಕೊಡದವರೆಗೆ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳು)



ಮೂವತ್ತು ವರ್ಷ ಗ್ರಾಮೀಣ ನೀರು ಸರಬರಾಜಿನ ಕೆಲಸ ಮಾಡಿದವನು ನಾನು. ನ್ಯಾನೊ ತಂತ್ರಜ್ಞಾನದ ಬಗ್ಗೆ ಮಾತಾಡಿ ಎಂದಿದ್ದೀರಿ. ನನಗೆ ತಿಳಿದ ನೀರಿನ ಕಡೆಯಿಂದಲೇ ಬರುತ್ತೇನೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ನ್ಯಾನೊಮೀಟರ್. ವಸ್ತುವನ್ನು ಅಷ್ಟು ಸಣ್ಣದು ಮಾಡಿದಾಗ ಅದರ ಮೇಲ್ಮೈ ವಿಪರೀತ ಹೆಚ್ಚುತ್ತದೆ, ಗುಣವೂ ಬದಲಾಗುತ್ತದೆ.

ಮದರಾಸಿನ ಐಐಟಿಯಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ ನಡೆಯುವ ನ್ಯಾನೊ ಘಟಕವಿದೆ. ಅಲ್ಲಿನ ಪ್ರೊ. ಟಿ. ಪ್ರದೀಪ್ ಅವರ ತಂಡ, ಬೆಳ್ಳಿಯ ನ್ಯಾನೊ ಕಣಗಳು ಎಂಡೋಸಲ್ಫಾನ್, ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕಗಳನ್ನು ನೀರಿನಿಂದ ತೆಗೆಯುವುದನ್ನು ಕಂಡುಕೊಂಡಿತು. ಸಂಸ್ಥೆ ಪೇಟೆಂಟ್ ಪಡೆಯಿತು. ಯುರೇಕಾ ಫೋರ್ಬ್ಸ್ ಕಂಪನಿ ಪರವಾನಗಿ ಪಡೆದು 2007ರಲ್ಲಿ ಅದನ್ನು ಮನೆಯ ಫಿಲ್ಟರಿಗೆ ತಂದಿತು. ಜನರ ತೆರಿಗೆಯಲ್ಲಿ ಆದ ಸಂಶೋಧನೆಯನ್ನು ಕಂಪನಿಗೆ ಕೊಡುವುದೇ ಎಂದು ನಮ್ಮಲ್ಲಿ ಕೆಲವರು ಕೇಳುತ್ತಾರೆ. ಕೊಡಬೇಕು ಎಂಬುದೇ ನನ್ನ ಅಭಿಪ್ರಾಯ. ಪ್ರಾಧ್ಯಾಪಕರು ಸಾವಿರಾರು ಕಾರ್ಟ್ರಿಜ್ ತಯಾರಿಸಿ, ಮಾರಿ, ರಿಪೇರಿ ಮಾಡಲಾರರು. ಆದರೆ ಕಂಪನಿ ಹೋಗುವುದು ಕೊಳ್ಳುವವರ ಮನೆಗೆ ಮಾತ್ರ.

ಅದೇ ತಂಡ ಆಮೇಲೆ ಆರ್ಸೆನಿಕ್ ತೆಗೆಯುವ 'ಅಮೃತ್' ರೂಪಿಸಿತು. ಕಬ್ಬಿಣದ ಒಂದು ಬಗೆಯ ಆಕ್ಸೈಡನ್ನು ಕೈಟೋಸಾನ್ ಜಾಲದಲ್ಲಿ ಹಿಡಿದಿಟ್ಟ ಕಾಳುಗಳವು. ಕೆಲಸಕ್ಕೆ ವಿದ್ಯುತ್ ಬೇಡ. (ಕೈಟೋಸಾನ್ ಸಾಮಾನ್ಯವಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದ ಬರುತ್ತದೆ. ಮಠದಲ್ಲಿ ನಿಂತು ಇದನ್ನು ಮುಚ್ಚಿಡಬಾರದು.) ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಇದನ್ನು ಸಮುದಾಯ ಘಟಕಗಳಲ್ಲಿ ಅಳವಡಿಸಿದರು. ಕಾಳು ಎಷ್ಟೇ ಸೂಕ್ಷ್ಮವಾಗಿರಲಿ, ಒಂದು ದಿನ ತುಂಬಿಕೊಳ್ಳುತ್ತದೆ. ಆಗ ಬದಲಿಸುವವರು ಯಾರು?

ಇದನ್ನು ಕೇಳಲು ಕಾರಣವಿದೆ. ಪಾವಗಡದ ಕಡೆ ಫ್ಲೋರೈಡ್ ತೊಂದರೆಯಿದ್ದ ಒಂದು ಊರಿಗೆ ಅಲ್ಯೂಮಿನಾ ತುಂಬಿದ ಘಟಕ ಹಾಕಿಸಿದ್ದೆ. ಅದು ನ್ಯಾನೊ ಅಲ್ಲ, ಹಳೆಯ ವಿಧಾನ. ಅಲ್ಯೂಮಿನಾವನ್ನು ಆಗಾಗ ಕ್ಷಾರ, ಆಮ್ಲದಲ್ಲಿ ತೊಳೆದು ಮತ್ತೆ ಸಿದ್ಧಪಡಿಸಬೇಕು. ಆ ಖರ್ಚಿಗೆ ಅಂದಾಜುಪಟ್ಟಿಯಲ್ಲಿ ನಾನು ಹಣವನ್ನೇ ಇಟ್ಟಿರಲಿಲ್ಲ. ಎರಡು ವರ್ಷದ ಮೇಲೆ ಹೋಗಿ ಪರೀಕ್ಷಿಸಿದರೆ, ಘಟಕದ ನೀರಿಗೂ ಕೊಳವೆಬಾವಿಯ ನೀರಿಗೂ ವ್ಯತ್ಯಾಸವಿಲ್ಲ. ಕೊಡ ಹಿಡಿದು ನಿಂತಿದ್ದ ಅಜ್ಜಿ, "ನಿಮ್ಮ ಮಿಷನ್ನು ಬಂದ ಮೇಲೆ ನೀರು ಬಲು ಚೆಂದಾಗೈತೆ ಸ್ವಾಮಿ" ಅಂದಳು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಾನು ಅವಳಿಗೆ ಉತ್ತರ ಕೊಡಲಿಲ್ಲ.

ಅಂದಿನಿಂದ ವಿಶ್ವವಿದ್ಯಾಲಯ ಮತ್ತು ಕಂಪನಿಗಳ ಒಪ್ಪಂದದ ಸುದ್ದಿ ಓದಿದಾಗಲೆಲ್ಲ ನಾನು ಹುಡುಕುವುದು ನಿರ್ವಹಣೆಯ ಖರ್ಚು ಯಾರದು ಎಂಬ ಸಾಲನ್ನು. ಬಹಳ ಸಲ ಅದು ಸಿಗುವುದಿಲ್ಲ.

ಈ ಗೋಷ್ಠಿಗೆ ಮುಂಚೆ ನಮ್ಮ ಉಚಿತ ವಿದ್ಯಾರ್ಥಿನಿಲಯದ ಫಿಲ್ಟರ್ ನೋಡಿ ಬಂದೆ. ಕಾಣಿಕೆ ಕೊಟ್ಟ ಭಕ್ತರ ಹೆಸರು ದೊಡ್ಡದಾಗಿದೆ. ಕಾರ್ಟ್ರಿಜ್ ಬದಲಿಸಿದ ದಿನಾಂಕ ಎಲ್ಲೂ ಇಲ್ಲ. ವ್ಯವಸ್ಥಾಪಕರು ಬಿಲ್ಲು ಹುಡುಕುತ್ತಿದ್ದಾರೆ. ಫಿಲ್ಟರಿಗೆ ಮೊದಲಿನ ನೀರು ಒಂದು ಬಾಟಲಿ, ನಂತರದ್ದು ಒಂದು ಬಾಟಲಿ ತುಂಬಿಸಿಕೊಂಡಿದ್ದೇನೆ. ನಾಳೆ ಜಿಲ್ಲಾ ಪ್ರಯೋಗಾಲಯಕ್ಕೆ ಕೊಡುತ್ತೇನೆ. ವರದಿ ಹೇಗೇ ಬರಲಿ, ಮುಂದಿನ ತಿಂಗಳು ಇಲ್ಲೇ ಓದುತ್ತೇನೆ.